ನೆಲದಿಂದ ಏಳುವ ಬಗೆ

ಕಾಡಿನಲ್ಲಿ ಮುಪ್ಪು ಕಣ್ಣಿಗೆ ಬೀಳುವುದು ಕಡಿಮೆ. ರೆಕ್ಕೆ ಸೋತ ಗೊರವಂಕವನ್ನು ಬೆಕ್ಕು ಬಿಡುವುದಿಲ್ಲ. ಹಲ್ಲು ಸವೆದ ಜಿಂಕೆ ಬೇಸಿಗೆ ದಾಟುವುದು ಕಷ್ಟ. ಹೆರುವ ಕಾಲ ಮುಗಿದ ಮೇಲೂ ಹೆಣ್ಣು ದಶಕಗಟ್ಟಲೆ ಬಾಳುವ ಜೀವಿಗಳು ಬೆರಳೆಣಿಕೆಯಷ್ಟೇ: ಕಡಲಿನ ಓರ್ಕಾ, ಇನ್ನು ಕೆಲವು ಹಲ್ಲುಳ್ಳ ತಿಮಿಂಗಿಲಗಳು, ಮತ್ತೆ ನಾವು. ಹಾಗಾಗಿ ರಾಯಾಪುರದ ಅಂಚಿನ ಎರಿ ಹೊಲದಲ್ಲಿ, ಮಾಗಿಯ ಬೆಳಗಿನಲ್ಲಿ ಹಕ್ಕರಕಿ ಸೊಪ್ಪು ಕೀಳುತ್ತಿದ್ದ ಅಜ್ಜಿಯೊಬ್ಬರನ್ನು ಕಂಡಾಗ, ಕಾಜಾಣ ನೋಡಲೆಂದು ತಂದ ದುರ್ಬೀನು ನನ್ನ ಕೊರಳಲ್ಲೇ ಉಳಿಯಿತು. ಆ ಚಳಿಗಾಲವೆಲ್ಲ ನಾನು ಹೆಚ್ಚಾಗಿ ನೋಡಿದ್ದು ಅವರನ್ನೇ.

ಪಿ.ಬಿ. ರಸ್ತೆಯಲ್ಲಿ 2018ರಿಂದ ಚಿಗರಿ ಬಸ್ಸುಗಳು ಹುಬ್ಬಳ್ಳಿ–ಧಾರವಾಡದ ನಡುವೆ ತಮ್ಮದೇ ಹಾದಿಯಲ್ಲಿ ಓಡುತ್ತಿವೆ. ರಾಯಾಪುರದ ನಿಲ್ದಾಣದಿಂದ ಒಳಕ್ಕೆ ನಡೆದರೆ ಕಾರ್ಖಾನೆಯ ಗೋಡೆ, ಹೊಸ ಲೇಔಟಿನ ಗಡಿಕಲ್ಲು, ಅವುಗಳ ನಡುವೆ ಉಳಿದ ಹಿಂಗಾರಿ ಜೋಳದ ತುಂಡು ಹೊಲ. ಜೋಳದ ಸಾಲಿನ ಬುಡದಲ್ಲಿ ಹಕ್ಕರಕಿ ನೆಲಕ್ಕೆ ಅಂಟಿ ಬೆಳೆಯುತ್ತದೆ. ಮಾಸಲು ಹಸಿರಿನ ಗರಗಸದಂಚಿನ ಎಲೆ. ಚಿವುಟಿದ ಕಡೆ ಹಾಲು ಒಸರುತ್ತದೆ.

ಅಜ್ಜಿ ಉಟ್ಟದ್ದು ಗುಲಗಂಜಿ ಕೆಂಪಿನ ಇಳಕಲ್ ಸೀರೆ, ಒಗೆದು ಒಗೆದು ಇಟ್ಟಂಗಿಯ ಬಣ್ಣಕ್ಕೆ ಇಳಿದದ್ದು. ಗಿಡದಿಂದ ಗಿಡಕ್ಕೆ ಅವರು ಎದ್ದು ಹೋಗುವುದಿಲ್ಲ. ಕುಕ್ಕರಗಾಲಿನಲ್ಲೇ ಒಂದು ಪಾದ ಮುಂದಿಟ್ಟು, ಮೈಭಾರ ಅದಕ್ಕೆ ಒಪ್ಪಿಸಿ, ಇನ್ನೊಂದನ್ನು ಹಗುರಾಗಿ ಎಳೆದುಕೊಳ್ಳುತ್ತಾರೆ. ಎಡಗೈ ಎಲೆಗಳನ್ನು ಒಟ್ಟಿಗೆ ಹಿಡಿಯುತ್ತದೆ, ಬಲಗೈಯ ಉಗುರು ಬುಡದಲ್ಲಿ ಕತ್ತರಿಸುತ್ತದೆ, ಸೊಪ್ಪು ಉಡಿಗೆ ಬೀಳುತ್ತದೆ. ಬೇರು ಮಾತ್ರ ನೆಲದಲ್ಲೇ ಉಳಿಯುತ್ತದೆ.

ಉಡಿ ತುಂಬಿದ ಮೇಲೆ ಅವರು ಏಳುವುದನ್ನು ನೋಡಬೇಕು. ಮೊದಲು ಎರಡೂ ಹಿಮ್ಮಡಿ ನೆಲಕ್ಕೆ ಊರುತ್ತವೆ. ತಲೆ ಮುಂದೆ ಬಾಗಿ ಮೊಳಕಾಲು ದಾಟುತ್ತದೆ. ಆಗ ಸೊಂಟ ತಾನಾಗಿ ಹಗುರಾಗಿ ಮೇಲೇಳುತ್ತದೆ. ಅರ್ಧದಲ್ಲಿ ಒಂದು ತಡೆ; ಉಸಿರು ಹೊರಬರುವಷ್ಟು ಹೊತ್ತು. ಆಮೇಲೆ ಬೆನ್ನು ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತ ಹೋಗಿ ಕಟ್ಟಕಡೆಗೆ ಮುಖ ಬಿಸಿಲಿಗೆ ತೆರೆಯುತ್ತದೆ. ಇಷ್ಟರಲ್ಲಿ ಅವರ ಕೈ ಒಮ್ಮೆಯೂ ನೆಲ ಮುಟ್ಟುವುದಿಲ್ಲ. ಎರಡೂ ಕೈ ಉಡಿಯನ್ನು ಹಿಡಿದಿರುತ್ತವೆ.

ಇಂಥದೇ ಚಲನೆಯನ್ನು ಬ್ರೆಜಿಲ್ಲಿನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಅವರ ಸಂಗಡಿಗರು ಪರೀಕ್ಷೆಯಾಗಿ ಬಳಸಿದರು. ನೆಲಕ್ಕೆ ಕೂತು ಏಳುವುದಕ್ಕೆ ಒಟ್ಟು ಹತ್ತು ಅಂಕ. ಕೈಯನ್ನೋ ಮೊಳಕಾಲನ್ನೋ ಊರಿದರೆ ಒಂದೊಂದು ಅಂಕ ಕಡಿತ, ತೂಗಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಜನರನ್ನು ಹಲವು ವರ್ಷ ಹಿಂಬಾಲಿಸಿ ಅವರು 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ತೀರ ಕಡಿಮೆ ಅಂಕದವರು ಆ ಅವಧಿಯಲ್ಲಿ ತೀರಿಕೊಂಡ ಪ್ರಮಾಣ ಹೆಚ್ಚು ಅಂಕದವರಿಗಿಂತ ಐದು ಪಟ್ಟಿಗೂ ಮೇಲಿತ್ತು. ತೊಡೆಯ ಬಲ, ಕೀಲಿನ ಸಡಿಲ, ಮೈಯ ಸಮತೋಲ, ಮೂರೂ ಆ ಒಂದೇ ಏಳುವಿಕೆಯಲ್ಲಿ ಕೂಡಿರುತ್ತವೆ.

“ಎಷ್ಟ್ ವರ್ಷ ಆದೂ ಆಯಿ ನಿಮಗ?” ಎಂದು ಕೇಳಿದ್ದೆ.

“ಯಾರ್ ಬರದಿಟ್ಟಾರ ತಮ್ಮಾ? ಎಪ್ಪತ್ತೆರಡರ ಬರಾ ಬಿದ್ದಾಗ ನನ್ನ ಚೊಚ್ಚಲ ಮಗಾ ಗ್ವಾಡಿ ಹಿಡದು ನಿಲ್ಲಾಕ ಕಲೀತಿದ್ದ.”

ಅವರ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ರೊಟ್ಟಿ ಬಡಿಯುವುದನ್ನು ನೋಡಲು ಅವರೇ ಕರೆದರು. ಎಸರಿನ ನೀರು ಬಿದ್ದ ಹಿಟ್ಟನ್ನು ಅಂಗೈಯ ಬುಡದಿಂದ ತಳ್ಳಿ ತಳ್ಳಿ ನಾದುತ್ತಾರೆ. ಜೋಳದಲ್ಲಿ ಗೋಧಿಯ ಹಾಗೆ ಎಳೆ ಹಿಡಿಯುವ ಗ್ಲುಟೆನ್ ಇಲ್ಲ, ಹಿಟ್ಟು ಕೂಡಿ ನಿಲ್ಲಬೇಕಾದರೆ ಬಿಸಿನೀರು ಮತ್ತು ಕೈಯ ಬಲ ಎರಡೂ ಬೇಕು. ಬಡಿಯುವಾಗ ಹೊಡೆತ ನೇರ ಬೀಳುವುದಿಲ್ಲ. ಅಂಗೈ ತುಸು ಓರೆಯಾಗಿ ಇಳಿದು, ಏಳುವಾಗ ಅಂಚನ್ನು ಕೂದಲೆಳೆಯಷ್ಟು ಸರಿಸುತ್ತದೆ. ಹೊಡೆತಕ್ಕೊಂದಿಷ್ಟು ತಿರುಗುತ್ತ ರೊಟ್ಟಿ ತಾನೇ ದುಂಡಗಾಗುತ್ತದೆ. ಹಂಚಿಗೆ ಬಿದ್ದ ಮೇಲೆ ಒದ್ದೆ ಅರಿವೆ ಸವರಿದ ಮೈ ಮೊದಲು ಬೂದಿಬಿಳುಪು, ಆಮೇಲೆ ದಂತದ ಬಣ್ಣ, ಉಬ್ಬಿದಲ್ಲಿ ಜೇನುಬಣ್ಣದ ಚುಕ್ಕೆ. ಜೊತೆಗೆ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಅಗಸಿ ಚಟ್ನಿ, ಕಾಳುಪಲ್ಯ. ಅಗಸಿಯಲ್ಲಿರುವ ಒಮೆಗಾ-3 ಕೊಬ್ಬನ್ನು ಪೇಟೆಯಲ್ಲಿ ಮಾತ್ರೆಯಾಗಿ ಮಾರುತ್ತಾರೆ.

ಹಿಡಿತದ ಬಲವೂ ವೈದ್ಯರ ಅಳತೆಗೋಲೇ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಾವಿನ ಅಪಾಯವನ್ನು ರಕ್ತದೊತ್ತಡದ ಮೇಲಿನ ಅಂಕಿಗಿಂತ ಕೈಯ ಹಿಡಿತ ಹೆಚ್ಚು ಸರಿಯಾಗಿ ಸೂಚಿಸಿತ್ತು. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಒಲೆಯ ಹತ್ತಿರ ಕೂಡಿಸಿದಾಗ ಆ ಐದು ಬೆರಳು ನನಗೆ ಬೇರೆಬೇರೆಯಾಗಿ ತಿಳಿದವು.

ಆದರೆ ಒಲೆಯ ಹೊಗೆ ಅವರ ಎದೆಯಲ್ಲೂ ಕೂತಿದೆ. ಬೆಳಗಿನ ಮೊದಲ ಮಾತಿಗೆ ಮುಂಚೆ ಕೆಮ್ಮು ಬರುತ್ತದೆ. ಎಲೆಅಡಿಕೆಯ ಜೊತೆ ತಂಬಾಕಿನ ಎಸಳು ತಪ್ಪಿಲ್ಲ. ಹಳೆಯ ಬಾಳುವೆಯೊಂದೇ ಆಯುಷ್ಯ ತಂದಿತೆನ್ನುವಂತಿಲ್ಲ: ಸ್ವಾತಂತ್ರ್ಯ ಬಂದಾಗ ಈ ದೇಶದ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು, ಈಗ 70ರ ಸುತ್ತ. ಆ ಏರಿಕೆಗೆ ಲಸಿಕೆ, ಔಷಧಿ, ಸುರಕ್ಷಿತ ಹೆರಿಗೆಗಳ ಪಾಲು ದೊಡ್ಡದು. ಅಜ್ಜಿಯ ಓರಗೆಯ ಎಷ್ಟೋ ಹೆಂಗಸರು ಇದೇ ರೊಟ್ಟಿ ತಿಂದು, ಇದೇ ಹೊಲದಲ್ಲಿ ದುಡಿದು, ಬೇಗ ಹೋದರು. ಅವರ ಸುದ್ದಿ ಬಂದಾಗಲೆಲ್ಲ ಬಡಿಯುವ ಕೈ ಒಂದು ಗಳಿಗೆ ನಿಲ್ಲುತ್ತದೆ.

ಗುಡಿಯ ಕಟ್ಟೆಯ ಮೇಲೆ ಮುದುಕರು ಬೆಳಗಿನ ಬಿಸಿಲಿಗೆ ಮೂಡಣಕ್ಕೆ ಮುಖಮಾಡಿ ಕೂರುತ್ತಾರೆ. ನೆರಳು ಸರಿದ ಹಾಗೆ ಹರಟೆಮಲ್ಲಗಳ ಗುಂಪಿನಂತೆ ಒಬ್ಬರ ಹಿಂದೊಬ್ಬರು ಸರಿದು, ಮಾತು ಕಡಿಯದೆ ಮತ್ತೆ ಒತ್ತಿಕೊಂಡು ಕೂರುತ್ತಾರೆ. ಆ ಬಿಸಿಲಿಗೆ ಮೈ ಕಾಯಿಸುವುದಲ್ಲದೆ ಇನ್ನೊಂದು ಕೆಲಸವೂ ಇದೆ. ಮೈಯ ಒಳಗಡಿಯಾರ ನಡೆಯುವ ಬಗೆಯನ್ನು ಬಾಳೆಹಣ್ಣಿನ ಸಣ್ಣ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು; ಆ ಗಡಿಯಾರವನ್ನು ದಿನಾ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು.

ಅಜ್ಜಿಯ ಮೊಮ್ಮಗ ಹತ್ತಿರದ ಕಾರ್ಖಾನೆಯಲ್ಲಿ ಕುರ್ಚಿಯ ಮೇಲಿನ ಕೆಲಸ ಮಾಡುತ್ತಾನೆ. ಬೆರಳಲ್ಲಿ ನಿದ್ದೆ ಅಳೆಯುವ ಉಂಗುರ, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. “ಬಯೋಹ್ಯಾಕಿಂಗ್ ಅಂತಾರ್ರಿ ಇದಕ್ಕ” ಎಂದು ರಾತ್ರಿಯ ಗೆರೆಗಳನ್ನು ತೋರಿಸಿದ. ಗಾಢ ನಿದ್ದೆಯ ಕಡುನೀಲಿ ಪಟ್ಟಿ, ಎಚ್ಚರದ ಕೇಸರಿ ಚೂರು. ಅದೂ ಒಂದು ನೋಡುವಿಕೆ. ನಾನು ಗೌರವದಿಂದಲೇ ನೋಡಿದೆ. ಆದರೆ ಮುಪ್ಪನ್ನು ಅರಿಯಲು ಕೆಲವು ರಾತ್ರಿಗಳ ಗೆರೆ ಸಾಲದು, ವರ್ಷಗಟ್ಟಲೆ ಅದೇ ಜನರನ್ನು ನೋಡಬೇಕಾಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರ ನೆನಪು, ನಡಿಗೆ, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿರುವುದು ಅದಕ್ಕಾಗಿಯೇ.

ಒಂದು ಭಾನುವಾರ ಊಟವಾದ ಮೇಲೆ ಮೊಮ್ಮಗ ನೆಲದಿಂದ ಏಳಲು ಗೋಡೆಗೆ ಕೈ ಹಚ್ಚಿದ. ಅಜ್ಜಿ ನೋಡಿದರು.

“ಗ್ವಾಡಿ ಬಿಡು. ತೆಲಿ ಮುಂದ ತಗೋ. ಇನ್ನೂ ಮುಂದ.”

ಅವನ ಹಿಮ್ಮಡಿಗಳು ನೆಲ ಬಿಟ್ಟವು, ಮೈ ಹಿಂದಕ್ಕೆ ವಾಲಿ ಕೂತುಬಿಟ್ಟ. ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ಕೂತ. ಈ ಸಲ ಹಿಮ್ಮಡಿ ಉಳಿದವು, ತಲೆ ಮೊಳಕಾಲು ದಾಟಿತು, ಅರ್ಧಕ್ಕೆ ತೊಡೆ ನಡುಗಿತು. ಬಲಗೈಯ ಮೂರು ಬೆರಳ ತುದಿ ಮಾತ್ರ ನೆಲಕ್ಕೆ ತಾಗಿ ಬಿಟ್ಟವು.

“ದಿನಾ ನಾಕ್ ಸಲ ಏಳು,” ಎಂದರು ಅಜ್ಜಿ, ತಾಟು ತೆಗೆಯುತ್ತ, “ಯುಗಾದಿಗೆ ಬರ್ತೈತಿ.”