ಮೂರನೆಯ ಮೂಲೆಯಲ್ಲಿ ಸಭಾಪಾಲಕ: ಕುಟುಂಬ ಚಿಕಿತ್ಸೆಯ ಕೆಲವು ಕ್ರಮಗಳ ವಿಚಾರ

ಭಾನುವಾರದ ಆರಾಧನೆ ಮುಗಿದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬಳು ಬಾಗಿಲ ಬಳಿ ಕಾದು ನಿಲ್ಲುತ್ತಾಳೆ. ಮಗನು ಕಾಲೇಜಿಗೆ ಸರಿಯಾಗಿ ಹೋಗುತ್ತಿಲ್ಲ, ರಾತ್ರಿ ಹೊತ್ತುಮೀರಿ ಮನೆಗೆ ಬರುತ್ತಾನೆ, ಯುವಜನರ ಕೂಟವನ್ನೂ ಬಿಟ್ಟಿದ್ದಾನೆ. “ಅಯ್ಯನವರೇ, ನೀವೇ ಒಂದು ಮಾತು ಹೇಳಿ ನೋಡಿ. ನಮ್ಮ ಮಾತು ಅವನ ಕಿವಿಗೆ ಬೀಳುವುದಿಲ್ಲ” ಎನ್ನುತ್ತಾಳೆ. ಸಭಾಪಾಲಕನು ಹುಡುಗನನ್ನು ಕರೆಸಿ ಬುದ್ಧಿ ಹೇಳಿ, ಪ್ರಾರ್ಥಿಸಿ ಕಳುಹಿಸುತ್ತಾನೆ. ಎರಡು ವಾರ ಎಲ್ಲವೂ ನೆಟ್ಟಗಿರುತ್ತದೆ. ಮೂರನೆಯ ವಾರ ತಂದೆಯು ಆರಾಧನೆಗೆ ಬರುವುದನ್ನು ನಿಲ್ಲಿಸುತ್ತಾನೆ; ಮನೆಯ ಮಾತನ್ನು ಹೆಂಡತಿ ಹೊರಗೆ ಒಯ್ದಳೆಂಬುದು ಅವನ ಸಿಟ್ಟು. ಮಗನು ಹಳೆಯ ದಾರಿಯನ್ನೇ ಹಿಡಿಯುತ್ತಾನೆ. ಆ ಗಂಡಹೆಂಡಿರು ತಮ್ಮಿಬ್ಬರ ವಿಷಯವನ್ನು ನೇರವಾಗಿ ಮಾತನಾಡಿ ವರುಷಗಳಾಗಿದ್ದವು, ಮಗನ ಚಿಂತೆಯೊಂದೇ ಅವರ ನಡುವೆ ಉಳಿದಿದ್ದ ಮಾತಾಗಿತ್ತು ಎಂಬುದು ಸಭಾಪಾಲಕನಿಗೆ ಬಹಳ ತಡವಾಗಿ ತಿಳಿಯುತ್ತದೆ. ಇದು ಒಂದೇ ಮನೆಯ ಕಥೆಯಲ್ಲ. ಹಲವು ಮನೆಗಳಿಂದ ಕೂಡಿಸಿ ಹೇಳಿದ್ದು. ಸಭಾಪಾಲಕನ ತಪ್ಪನ್ನು ಮಾತ್ರ ನಾನು ಬೇರೆಯವರಿಂದ ಎರವಲು ತರಬೇಕಾಗಿಲ್ಲ.

ಕುಟುಂಬ ಚಿಕಿತ್ಸೆಯೆಂದು ಇಂದು ಕರೆಯಲ್ಪಡುವ ಶಾಸ್ತ್ರವು ಹುಟ್ಟಿದ್ದು ಇಂಥ ಅನುಭವದಿಂದಲೇ. ಒಬ್ಬನನ್ನು ಮಾತ್ರ ಕೂರಿಸಿಕೊಂಡು ಅವನ ಮನಸ್ಸನ್ನು ಶೋಧಿಸಿದರೆ ಸಾಲದು. ಅವನು ಮನೆಗೆ ಮರಳಿದೊಡನೆ ಹಳೆಯ ಸಂಬಂಧಗಳು ಅವನನ್ನು ಹಳೆಯ ಸ್ಥಾನಕ್ಕೆ ಎಳೆಯುತ್ತವೆ ಎಂಬುದನ್ನು 1950ರ ದಶಕದಲ್ಲಿ ಅಮೆರಿಕದ ಕೆಲವು ಮನೋವೈದ್ಯರು ಕಂಡುಕೊಂಡರು. ಮನೆಯವರು ಯಾರನ್ನು ‘ಇವನೇ ತೊಂದರೆ’ ಎಂದು ಮುಂದೆ ನಿಲ್ಲಿಸುತ್ತಾರೋ ಅವನು ಇಡೀ ಮನೆಯ ನೋವನ್ನು ಹೊತ್ತವನಾಗಿರಬಹುದು ಎಂಬುದು ಅವರ ಮೊದಲ ಹೆಜ್ಜೆ.

ಆ ಹೆಜ್ಜೆಯಲ್ಲಿ ಒಂದು ಎಡವುವಿಕೆಯೂ ಇತ್ತು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಅವರ ಸಂಗಡಿಗರು ಸ್ಕಿಜೋಫ್ರೇನಿಯಾ ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಪ್ರಕಟಿಸಿದರು. ಬಾಯಲ್ಲಿ ‘ಹತ್ತಿರ ಬಾ’ ಎಂದು ಹೇಳುತ್ತ ಮುಖಭಾವದಲ್ಲಿ ‘ದೂರವಿರು’ ಎಂದು ಸೂಚಿಸುವ ಇಬ್ಬಗೆಯ ಮಾತಿನೊಳಗೆ ಸಿಕ್ಕಿಬಿದ್ದ ಮಗುವು ಆ ಕಾಯಿಲೆಗೆ ಗುರಿಯಾಗಬಹುದೆಂದು ಅವರು ಊಹಿಸಿದರು. ಮಾತಿನ ಕುರಿತ ಆ ಒಳನೋಟಕ್ಕೆ ಇಂದಿಗೂ ಬೆಲೆಯಿದೆ. ಆದರೆ ಕಾಯಿಲೆಗೆ ಅದೇ ಕಾರಣವೆಂಬುದನ್ನು ವೈದ್ಯಶಾಸ್ತ್ರವು ಒಪ್ಪಿಲ್ಲ, ಮತ್ತು ಎಷ್ಟೋ ತಾಯಂದಿರು ತಾವು ಮಾಡದ ತಪ್ಪಿನ ಹೊರೆಯನ್ನು ಹೊರಬೇಕಾಯಿತು. ಅದೇ ದಶಕದಲ್ಲಿ ನಮ್ಮ ದೇಶದಲ್ಲಿ ಬೇರೊಂದು ದಾರಿ ತೆರೆಯಿತು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಇಳಿದುಕೊಳ್ಳಲು ಅವಕಾಶ ಮಾಡಿಕೊಟ್ಟು ಅವರನ್ನು ಶುಶ್ರೂಷೆಯಲ್ಲಿ ಪಾಲುಗಾರರನ್ನಾಗಿ ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ರೋಗಿಯೊಂದಿಗೆ ಮನೆಯವರು ತಂಗುವ ಪದ್ಧತಿಯನ್ನು ಬೆಳೆಸಿತು. ಅಲ್ಲಿ ಕುಟುಂಬವು ಆರೋಪಿಯಾಗಿರಲಿಲ್ಲ, ನೆರವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಮನೋವೈದ್ಯಕೀಯ ಕೇಂದ್ರವಿರುವುದನ್ನು ನಮ್ಮ ಸಭಾಪಾಲಕರು ತಿಳಿದಿರಬೇಕು. ಮಾನಸಿಕ ಕಾಯಿಲೆಯಿರುವ ಮಗನ ಹೆತ್ತವರಿಗೆ ‘ನಿಮ್ಮ ಮನೆಯ ನಡತೆಯಿಂದಲೇ ಹೀಗಾಯಿತು’ ಎಂದು ಹೇಳುವ ಅಧಿಕಾರ ಯಾವ ಸಭಾಪಾಲಕನಿಗೂ ಇಲ್ಲ.

ಬಾಗಿಲ ಬಳಿ ನಿಂತ ತಾಯಿಯ ವಿಷಯಕ್ಕೆ ಹೆಚ್ಚು ಬೆಳಕು ಕೊಡುವವರು ಮರ್ರೆ ಬೋವೆನ್. 1954ರಿಂದ 1959ರವರೆಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ರೋಗಿಗಳೊಂದಿಗೆ ಅವರ ತಾಯಂದಿರನ್ನು, ಮುಂದೆ ಇಡೀ ಕುಟುಂಬಗಳನ್ನು ವಾರ್ಡಿನಲ್ಲೇ ಇರಿಸಿಕೊಂಡು ಗಮನಿಸಿದರು. ಇಬ್ಬರ ನಡುವಿನ ಸಂಬಂಧದಲ್ಲಿ ಕಳವಳವು ಮಿತಿಮೀರಿದಾಗ ಅವರು ಮೂರನೆಯವರನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಆಗ ಸ್ವಲ್ಪ ಸಮಾಧಾನವಾಗುತ್ತದೆ, ಮೂಲದ ತೊಡಕು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಇದನ್ನು ಬೋವೆನ್ ತ್ರಿಕೋನವೆಂದು ಕರೆದರು. ಮೂರನೆಯವರು ಮಗನಾಗಬಹುದು, ಅತ್ತೆಯಾಗಬಹುದು, ಕುಡಿತವಾಗಬಹುದು, ಸಭಾಪಾಲಕನೂ ಆಗಬಹುದು. ಇದಕ್ಕೆ ಅವರು ಹೇಳಿದ ಪರಿಹಾರವು ಸರಳವಾಗಿ ಕಂಡರೂ ಕಠಿಣವಾದದ್ದು: ಮೂರನೆಯವರು ಇಬ್ಬರೊಡನೆಯೂ ಸಂಪರ್ಕವನ್ನು ಉಳಿಸಿಕೊಳ್ಳಬೇಕು, ಯಾರ ಪಕ್ಷವನ್ನೂ ಹಿಡಿಯಬಾರದು, ಓಡಿಯೂ ಹೋಗಬಾರದು. ಸಂಬಂಧವನ್ನು ಕಡಿದುಕೊಳ್ಳದೆ ತನ್ನತನವನ್ನು ಉಳಿಸಿಕೊಳ್ಳುವ ಈ ಶಕ್ತಿಯೇ ಅವರ ಸಿದ್ಧಾಂತದ ತಿರುಳು.

ಬೋವೆನ್ ಇದನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 1967ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ತಾತ್ವಿಕ ಪ್ರಬಂಧವನ್ನು ಓದಬೇಕಾಗಿದ್ದ ಅವರು ಅದನ್ನು ಬದಿಗಿಟ್ಟು, ತಮ್ಮ ಸ್ವಂತ ಕುಟುಂಬದ ಒಳಜಗಳಗಳಲ್ಲಿ ತಾವು ಸಿಕ್ಕಿಬಿದ್ದುದನ್ನೂ ಅಲ್ಲಿಂದ ಹೊರಬಂದ ಬಗೆಯನ್ನೂ ವಿವರಿಸಿದರು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಆಡುತ್ತಿದ್ದ ಮಾತುಗಳನ್ನು ಸಂಬಂಧಪಟ್ಟವರಿಗೇ ಪತ್ರ ಬರೆದು ತಿಳಿಸಿ, ಅನಂತರ ಊರಿಗೆ ಹೋಗಿ ಎಲ್ಲರ ಸಿಟ್ಟಿನ ನಡುವೆ ಶಾಂತವಾಗಿ ಕುಳಿತಿದ್ದರು. ಆ ಉಪಾಯವನ್ನು ನಮ್ಮ ಊರುಗಳಲ್ಲಿ ಅನುಸರಿಸಬೇಕೆಂದು ನಾನು ಹೇಳಲಾರೆ. ಪತ್ರ ಬರೆದವನು ಮರಳಿ ಮನೆಯ ಹೊಸ್ತಿಲು ತುಳಿಯುವುದು ಕಷ್ಟವಾದೀತು. ಆದರೆ ಚಿಕಿತ್ಸಕನು ತನ್ನ ತಂದೆತಾಯಿಗಳ ನಡುವೆ ತಾನು ಯಾವ ಮೂಲೆಯಲ್ಲಿ ನಿಂತಿದ್ದೆನೆಂದು ಅರಿಯದೆ ಪರರ ಮನೆಯಲ್ಲಿ ನೆಟ್ಟಗೆ ನಿಲ್ಲಲಾರನೆಂಬ ಮಾತು ಸೆಮಿನರಿಯ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಬೋವೆನರ ಈ ವಿಚಾರವನ್ನು ಧಾರ್ಮಿಕ ಸೇವೆಗೆ ತಂದವರು ಯೆಹೂದ್ಯ ರಬ್ಬಿಯಾದ ಎಡ್ವಿನ್ ಫ್ರೀಡ್‌ಮನ್. 1985ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ಅವರು, ಧರ್ಮಸೇವಕನು ಏಕಕಾಲಕ್ಕೆ ಮೂರು ಕುಟುಂಬಗಳಿಗೆ ಸೇರಿದವನೆಂದರು: ಸಭೆಯೊಳಗಿನ ಕುಟುಂಬಗಳು, ಸಭೆಯೆಂಬ ಕುಟುಂಬ, ಅವನ ಸ್ವಂತ ಕುಟುಂಬ. ಒಂದರ ಕಳವಳವು ಮತ್ತೊಂದಕ್ಕೆ ಹರಿಯುತ್ತದೆ. ಸಭಾಕಮಿಟಿಯ ಜಗಳದ ರಾತ್ರಿ ಪಾರ್ಸನೇಜಿನ ಮಕ್ಕಳು ಕಾರಣವಿಲ್ಲದೆ ಗದರಿಸಿಕೊಂಡದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಣ್ಣಿನಿಂದ ಆದಿಕಾಂಡದ 27ನೆಯ ಅಧ್ಯಾಯವನ್ನು ಓದಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಇಸಾಕನು ಆಶೀರ್ವಾದದ ಮಾತನ್ನು ಏಸಾವನಿಗೆ ಹೇಳುತ್ತಾನೆ. ರೆಬೆಕ್ಕಳು ಅದನ್ನು ಮರೆಯಲ್ಲಿ ಕೇಳಿಸಿಕೊಂಡು ಯಾಕೋಬನಿಗೆ ಹೇಳುತ್ತಾಳೆ. ಗಂಡಹೆಂಡಿರು ಆ ವಿಷಯವನ್ನು ತಮ್ಮತಮ್ಮಲ್ಲಿ ಮಾತನಾಡಿದರೆಂದು ಎಲ್ಲಿಯೂ ಬರೆದಿಲ್ಲ. ಅಧ್ಯಾಯದ ಕೊನೆಯಲ್ಲಿ ಆಕೆ ಇಸಾಕನೊಡನೆ ಮಾತನಾಡುತ್ತಾಳೆ. ಆದರೆ ಏಸಾವನು ತಮ್ಮನನ್ನು ಕೊಂದಾನೆಂಬ ತನ್ನ ನಿಜವಾದ ಭಯವನ್ನು ಹೇಳದೆ, ಹಿತ್ತಿಯ ಸೊಸೆಯರಿಂದ ತನಗೆ ಬೇಸರವಾಗಿದೆಯೆಂದು ಹೇಳುತ್ತಾಳೆ. ಯಾಕೋಬನು ಊರು ಬಿಡುತ್ತಾನೆ, ಮೌನವು ಮನೆಯಲ್ಲೇ ಉಳಿಯುತ್ತದೆ. ಇನ್ನು ಲೂಕನ ಸುವಾರ್ತೆಯಲ್ಲಿ ನಮ್ಮ ಕರ್ತನನ್ನೇ ಮೂರನೆಯ ಮೂಲೆಗೆ ಎಳೆಯುವ ಪ್ರಯತ್ನಗಳು ನಡೆಯುತ್ತವೆ. ಆಸ್ತಿ ಪಾಲಿಗೆ ಅಣ್ಣನನ್ನು ಒಪ್ಪಿಸೆಂದು ಒಬ್ಬನು ಬೇಡಿದಾಗ (12:13-14) ಯೇಸು ಪಂಚಾಯಿತಿಗೆ ಕೂರಲು ನಿರಾಕರಿಸುತ್ತಾನೆ. ತಂಗಿಗೆ ಬುದ್ಧಿ ಹೇಳೆಂದು ಮಾರ್ಥಳು ಕೇಳಿದಾಗ (10:40) ಆತನು ಮರಿಯಳ ಕಡೆಗೆ ತಿರುಗದೆ ಮಾರ್ಥಳ ಕಳವಳವನ್ನೇ ಕುರಿತು ಮಾತನಾಡುತ್ತಾನೆ. ಆದರೂ ಮರಿಯಳ ಆಯ್ಕೆಯನ್ನು ಆತನು ಬಿಟ್ಟುಕೊಡುವುದಿಲ್ಲವೆಂಬುದನ್ನು ಮರೆಯಬಾರದು. ಬೋವೆನರ ಪಾಠಕ್ಕೆ ಸುವಾರ್ತೆಯು ಪೂರಾ ಹೊಂದುವುದಿಲ್ಲ. ಹೊಂದಿಸಲು ನಾವು ಎಳೆದಾಡಲೂಬಾರದು.

ಪಕ್ಷ ಹಿಡಿಯದೆ ನಿಲ್ಲುವುದೊಂದೇ ದಾರಿಯಲ್ಲವೆಂದು ತೋರಿಸಿದವರು ಅರ್ಜೆಂಟೀನಾದಲ್ಲಿ ಹುಟ್ಟಿದ ಸಾಲ್ವಡಾರ್ ಮಿನುಚಿನ್. ಅವರ ಅನುಭವವು ಸುಖವಾಗಿದ್ದ ಮನೆಗಳಿಂದ ಬಂದದ್ದಲ್ಲ. ನ್ಯೂಯಾರ್ಕಿನ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಕಪ್ಪು ಜನರ ಮತ್ತು ಪೋರ್ಟೊರಿಕೊ ಮೂಲದವರ ಮಕ್ಕಳೊಡನೆ ಕೆಲಸ ಮಾಡಿದಾಗ, ಮಾತಿನ ಚಿಕಿತ್ಸೆಯು ಆ ಮನೆಗಳಿಗೆ ತಲುಪದೆಂಬುದನ್ನು ಅವರು ಕಂಡರು. ಮುಂದೆ ಫಿಲಡೆಲ್ಫಿಯಾದಲ್ಲಿ ಪದವಿಯಿಲ್ಲದ ಸ್ಥಳೀಯ ಜನರಿಗೇ ಕುಟುಂಬಗಳೊಡನೆ ಕೆಲಸ ಮಾಡಲು ತರಬೇತಿ ಕೊಡಿಸಿದರು. ಅವರ 1974ರ ಗ್ರಂಥವು ಕುಟುಂಬದ ರಚನೆಯನ್ನು ನೋಡಲು ಕಲಿಸುತ್ತದೆ: ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆ, ಯಾರ ಪರವಾಗಿ ಯಾರು ಉತ್ತರಿಸುತ್ತಾರೆ, ತಂದೆತಾಯಿಗಳ ಹಾಗೂ ಮಕ್ಕಳ ನಡುವಿನ ಗಡಿಯು ಎಲ್ಲಿ ಅಳಿಸಿಹೋಗಿದೆ, ಎಲ್ಲಿ ಗೋಡೆಯಾಗಿದೆ. ಚಿಕಿತ್ಸಕನು ಮೊದಲು ಆ ಮನೆಯ ನುಡಿಯನ್ನೂ ಮರ್ಯಾದೆಯನ್ನೂ ಕಲಿತು ಒಳಗೆ ಸೇರಿಕೊಳ್ಳಬೇಕು. ಅನಂತರ ಜಗಳವನ್ನು ವರ್ಣಿಸಲು ಬಿಡದೆ ಅಲ್ಲಿಯೇ ನಡೆಯಲು ಬಿಡಬೇಕು. ತಂದೆಯು ಮಗನ ಮೇಲೆ ದೂರು ಹೇಳತೊಡಗಿದರೆ, “ಅದನ್ನು ನನಗೆ ಹೇಳಬೇಡಿ, ಮಗನ ಕಡೆ ತಿರುಗಿ ಅವನಿಗೇ ಹೇಳಿ” ಎನ್ನಬೇಕು. ಈ ಒಂದು ವಾಕ್ಯವು ನನಗೆ ಅನೇಕ ಪುಸ್ತಕಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಮಿನುಚಿನ್ ಕೆಲವೊಮ್ಮೆ ಬೇಕೆಂದೇ ಒಬ್ಬರ ಪಕ್ಷವನ್ನು ಹಿಡಿದು ಹೆಪ್ಪುಗಟ್ಟಿದ ತಕ್ಕಡಿಯನ್ನು ಅಲುಗಿಸುತ್ತಿದ್ದರು. ಅದು ನುರಿತವರ ಕೆಲಸ.

ಅವರ ಗಡಿಯ ಕಲ್ಪನೆಯನ್ನು ಹಾಗೆಯೇ ನಮ್ಮ ಕೂಡುಕುಟುಂಬಗಳಿಗೆ ಅಳತೆಗೋಲಾಗಿ ಹಿಡಿಯುವುದು ತಪ್ಪಾದೀತು. ಅಜ್ಜಿಯ ಮಗ್ಗುಲಲ್ಲಿ ಮಲಗುವ ಮೊಮ್ಮಗು, ಅಣ್ಣನ ಮಕ್ಕಳ ಫೀಸು ಕಟ್ಟುವ ಚಿಕ್ಕಪ್ಪ, ಇವು ರೋಗದ ಲಕ್ಷಣಗಳಲ್ಲ. ಗಂಡಹೆಂಡಿರ ನಡುವಿನ ಮಾತು ಅತ್ತೆಯ ಮೂಲಕವೇ ಸಾಗಬೇಕಾದ ಸ್ಥಿತಿಯಿದ್ದರೆ ಮಾತ್ರ ಗಡಿಯ ಪ್ರಶ್ನೆ ಏಳುತ್ತದೆ.

ವರ್ಜೀನಿಯಾ ಸಟೈರ್ ಅವರು ಮನೆಯವರನ್ನು ಶಿಲ್ಪದಂತೆ ನಿಲ್ಲಿಸಿ ಸಂಬಂಧಗಳನ್ನು ಕಣ್ಣಿಗೆ ಕಾಣಿಸುತ್ತಿದ್ದರು. ಯುವಜನರ ಶಿಬಿರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಹಿರಿಯರ ಮುಂದೆ ಸಂಕೋಚವಾಗುತ್ತದೆ. ಇಟಲಿಯ ಮಿಲಾನಿನಲ್ಲಿ ಮಾರಾ ಸೆಲ್ವಿನಿ ಪಲಾಝೋಲಿ ಮತ್ತು ಅವರ ಸಹೋದ್ಯೋಗಿಗಳು ಬಳಸಿದ ಸುತ್ತುಪ್ರಶ್ನೆಯು ನಮಗೆ ಹೆಚ್ಚು ಹತ್ತಿರ. ‘ನಿಮಗೆ ದುಃಖವಾಗಿದೆಯೇ’ ಎಂದು ತಾಯಿಯನ್ನು ಕೇಳುವ ಬದಲು, ‘ಅಮ್ಮ ಅಳುವಾಗ ಅಪ್ಪ ಏನು ಮಾಡುತ್ತಾರೆ’ ಎಂದು ಮಗಳನ್ನು ಕೇಳುವುದು. ಯಾರ ಮೇಲೂ ತಪ್ಪು ಹೊರಿಸದೆ ಎಲ್ಲರೂ ತಮ್ಮ ಮನೆಯನ್ನು ಇನ್ನೊಬ್ಬರ ಕಣ್ಣಿನಿಂದ ನೋಡುವಂತಾಗುತ್ತದೆ. ಹಿರಿಯರ ಮುಂದೆ ಮಕ್ಕಳು ಬಾಯಿ ತೆರೆಯಬಾರದೆಂಬ ಮನೆಯಲ್ಲಾದರೆ ಮೊದಲು ಹಿರಿಯರ ಅನುಮತಿಯನ್ನು ಎಲ್ಲರೆದುರಿಗೆ ಕೇಳಬೇಕು. ಇಲ್ಲವಾದರೆ ಮಗಳು ಅದರ ಬೆಲೆಯನ್ನು ರಾತ್ರಿ ತೆರಬೇಕಾಗುತ್ತದೆ.

ದೇವಶಾಸ್ತ್ರದ ವಿದ್ಯಾರ್ಥಿಗಳು ಅತ್ಯಂತ ಗಂಭೀರವಾಗಿ ಓದಬೇಕಾದವರು ಇವಾನ್ ಬೊಸೊರ್ಮೆನಿ-ನಾಗಿ ಎಂದು ನನ್ನ ಅಭಿಪ್ರಾಯ. ಮಾರ್ಟಿನ್ ಬೂಬರರ ತತ್ತ್ವಚಿಂತನೆಯಿಂದ ಪ್ರಭಾವಿತರಾದ ಇವರು ಕುಟುಂಬವನ್ನು ನ್ಯಾಯದ ಕ್ಷೇತ್ರವೆಂದು ಕಂಡರು. ಪ್ರತಿಯೊಂದು ಮನೆಯಲ್ಲಿ ಬರೆಯದ ಒಂದು ಲೆಕ್ಕದ ಪುಸ್ತಕವಿದೆ. ಯಾರು ಎಷ್ಟು ಕೊಟ್ಟರು, ಯಾರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದು ಅದರಲ್ಲಿ ತಲೆಮಾರುಗಳವರೆಗೆ ಸಾಗುತ್ತದೆ. ತನ್ನ ತಂದೆಯಿಂದ ಏಟು ತಿಂದವನು ಆ ಸಾಲವನ್ನು ತಂದೆಯಿಂದ ವಸೂಲು ಮಾಡಲಾರದೆ ಮಗನಿಂದ ವಸೂಲು ಮಾಡುತ್ತಾನೆ. ಹುಳಿದ್ರಾಕ್ಷೆಯ ಗಾದೆಯನ್ನು ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಪ್ರತಿಭಟಿಸುವಾಗ ಎತ್ತುವ ಪ್ರಶ್ನೆಯೂ ಇದಕ್ಕೆ ನೆರೆಯದೇ. ನಾಗಿಯವರು ಕ್ಷಮೆಯನ್ನೂ ಹೊರೆ ಇಳಿಸುವುದನ್ನೂ ಬೇರೆಬೇರೆಯಾಗಿ ನೋಡಿದರು. ಕ್ಷಮೆಯಲ್ಲಿ ಕ್ಷಮಿಸುವವನು ಉದಾರನಾಗಿ ನಿಲ್ಲುತ್ತಾನೆ, ಇನ್ನೊಬ್ಬನು ಅಪರಾಧಿಯಾಗಿಯೇ ಉಳಿಯುತ್ತಾನೆ. ಹೊರೆ ಇಳಿಸುವುದೆಂದರೆ, ತನ್ನನ್ನು ನೋಯಿಸಿದ ತಂದೆಯು ಬಾಲ್ಯದಲ್ಲಿ ಏನನ್ನು ಹೊತ್ತಿದ್ದನೆಂಬುದನ್ನು ಪ್ರೌಢ ಮಗನು ತಿಳಿದು, ಅವನನ್ನು ಆ ಲೆಕ್ಕದಿಂದ ಬಿಡುಗಡೆ ಮಾಡುವುದು. ‘ಕ್ಷಮಿಸಿಬಿಡು’ ಎಂದು ಆತುರದಿಂದ ಹೇಳುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆಯ ತಡೆ. ಆದರೆ ಸುವಾರ್ತೆಯ ಕ್ಷಮೆಯು ತಿಳಿವಳಿಕೆಯು ಮುಗಿದಲ್ಲಿಯೂ, ಯಾವ ವಿವರಣೆಯೂ ಸಾಲದ ಕೃತ್ಯದ ಎದುರಿನಲ್ಲಿಯೂ ಮಾತನಾಡುತ್ತದೆ. ಇಲ್ಲಿ ನಾನು ನಾಗಿಯವರಿಂದ ಬೇರೆಯಾಗುತ್ತೇನೆ.

ಆಸ್ಟ್ರೇಲಿಯದ ಮೈಕೇಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ರೂಪಿಸಿದ ಕಥನ ಚಿಕಿತ್ಸೆಯು ವ್ಯಕ್ತಿಯನ್ನು ಸಮಸ್ಯೆಯಿಂದ ಬೇರ್ಪಡಿಸಿ ಮಾತನಾಡುತ್ತದೆ. ‘ನೀನು ಕುಡುಕ’ ಎನ್ನದೆ, ‘ಕುಡಿತವು ನಿನ್ನ ಮನೆಯಿಂದ ಏನೇನನ್ನು ಕಿತ್ತುಕೊಂಡಿದೆ, ಅದನ್ನು ಎದುರಿಸಿ ನಿಂತ ದಿನಗಳು ಯಾವುವು’ ಎಂದು ಕೇಳುತ್ತದೆ. ನಾಚಿಕೆಯಿಂದ ಕುಗ್ಗಿದವನು ತಲೆಯೆತ್ತಲು ಇದು ನೆರವಾಗುತ್ತದೆ. ನಮ್ಮ ಸಭೆಗಳಲ್ಲಿ ಮಾತ್ರ ಇದು ಜಾರಿ, ‘ಎಲ್ಲವೂ ಸೈತಾನನ ಕೆಲಸ’ ಎಂಬಲ್ಲಿಗೆ ಮುಟ್ಟುವುದುಂಟು. ವೈಟ್ ಹೇಳಿದ್ದು ಹೊಣೆಯನ್ನು ಕಳಚುವ ಮಾತಲ್ಲ, ಹೊಣೆಯನ್ನು ಹೊರಲು ಬಲ ಕೊಡುವ ಮಾತು.

ಈ ಎಲ್ಲ ಕ್ರಮಗಳಿಗೂ ಒಂದು ಗಟ್ಟಿಯಾದ ಎಲ್ಲೆಯಿದೆ, ಅದು ಹಿಂಸೆ. ಮನೆಯ ತೊಂದರೆಗೆ ಎಲ್ಲರೂ ಸಮವಾಗಿ ಪಾಲುದಾರರೆಂದು ಹೇಳುವುದು ಗಂಡುಹೆಣ್ಣಿನ ಅಧಿಕಾರದ ಅಂತರವನ್ನು ಮರೆಮಾಡುತ್ತದೆಂದು ರೇಚಲ್ ಹೇರ್-ಮಸ್ಟಿನ್ ಮೊದಲಾದ ಸ್ತ್ರೀವಾದಿ ಚಿಕಿತ್ಸಕರು 1978ರಿಂದಲೇ ಎಚ್ಚರಿಸಿದ್ದಾರೆ. ಹೊಡೆಯುವವನನ್ನೂ ಹೊಡೆತ ತಿನ್ನುವವಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ‘ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿ’ ಎನ್ನುವುದು ಪಾಲನೆಯಲ್ಲ. ಅವಳು ಅಲ್ಲಿ ಹೇಳಿದ ಸತ್ಯಕ್ಕೆ ಮನೆಯಲ್ಲಿ ಏಟು ಬೀಳುತ್ತದೆ. ಅಲ್ಲಿ ಮೂರನೆಯವರು ಪಕ್ಷ ಹಿಡಿಯಲೇಬೇಕು. ಅವಳೊಡನೆ ಪ್ರತ್ಯೇಕವಾಗಿ ಮಾತನಾಡಿ, ಸುರಕ್ಷಿತವಾದ ಸ್ಥಳವನ್ನು ಮೊದಲು ವಿಚಾರಿಸಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿಯನ್ನು ಕಾಣುವ ದಾರಿಯನ್ನು ತಿಳಿಸಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ವಿಧಿಸುತ್ತದೆ. ಸಭಾಪಾಲಕರೂ ಅದರೊಳಗೆ ಬರುತ್ತಾರೆ. ಸಭೆಯ ಹೆಸರು ಕೆಡುತ್ತದೆಂಬುದು ಉತ್ತರವಲ್ಲ.

ಅಂಥ ಭಯವಿಲ್ಲದ ಮನೆಯೆಂದು ವಿಚಾರಿಸಿ ತಿಳಿದ ಮೇಲೆ, ಬಾಗಿಲ ಬಳಿ ನಿಂತ ತಾಯಿಗೆ ಇಂದು ನಾನು ಹೇಳುವುದು ಹೀಗೆ: “ಅಮ್ಮಾ, ಅವನೊಬ್ಬನನ್ನೇ ಕರೆಸುವುದಿಲ್ಲ. ಗುರುವಾರ ಸಾಯಂಕಾಲ ನಾನೇ ನಿಮ್ಮ ಮನೆಗೆ ಬರುತ್ತೇನೆ. ನಾನು ಬರುವ ವಿಷಯವನ್ನು ಯಜಮಾನರಿಗೆ ಇಂದೇ ನೀವೇ ತಿಳಿಸಿ.” ಎಷ್ಟೋ ಸಲ ಕಷ್ಟವಾಗುವುದು ಆ ಕೊನೆಯ ಮಾತೇ. ಗುರುವಾರ ಹೋದಾಗ ಮಗನ ವಿಷಯವನ್ನು ಎತ್ತದೆ, ಮೊದಲು ತಂದೆಯ ಕಡೆಗೆ ತಿರುಗಿ ಕೇಳುತ್ತೇನೆ: “ನಾನು ಬರುತ್ತೇನೆಂದು ಇವರು ನಿಮಗೆ ಹೇಳಿದಾಗ ನಿಮಗೇನೆನಿಸಿತು?”