ದೇವರಿದ್ದರೆ ದುಃಖವೇಕೆ? ಟ್ಯೂಬಿಂಗನ್ ನಗರದ ಒಂದು ಉತ್ತರ

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಂಡೆಯಲ್ಲಿರುವ ಟ್ಯೂಬಿಂಗನ್ ಕನ್ನಡಿಗರಿಗೆ ತೀರ ಅಪರಿಚಿತವಾದ ಊರಲ್ಲ. 1894ರಲ್ಲಿ ನಮಗೆ ಕನ್ನಡ–ಇಂಗ್ಲಿಷ್ ನಿಘಂಟನ್ನಿತ್ತ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ. ಇದೇ ನಗರದ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಬೋಧಿಸಿ, 2024ರ ಜೂನ್‌ನಲ್ಲಿ ನಿಧನರಾದ ದೇವತಾಶಾಸ್ತ್ರಜ್ಞ ಯುರ್ಗನ್ ಮೋಲ್ಟ್‌ಮನ್ ಅವರ ಹೆಸರು ಮಾತ್ರ ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ದೇವರು ಸರ್ವಶಕ್ತನೂ ಕರುಣಾಮಯಿಯೂ ಆಗಿದ್ದರೆ ಲೋಕದಲ್ಲಿ ಕೇಡೇಕೆ ಎಂಬ ಪ್ರಶ್ನೆಯನ್ನು ಅವರು ಬದುಕಿನಿಂದಲೇ ಎತ್ತಿಕೊಂಡವರು.

ಪ್ರಶ್ನೆ ಹಳೆಯದು. ಕೇಡಿಗೆ ಸ್ವತಂತ್ರ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಎಂದು ಸಂತ ಅಗಸ್ಟೀನ್ ವಾದಿಸಿದ್ದರು. 1710ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಈ ಚರ್ಚೆಗೆ ‘ಥಿಯೋಡಿಸಿ’ ಎಂಬ ಹೆಸರನ್ನೇ ಕೊಟ್ಟು, ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವೆಂದರು. ಆದರೆ 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾಯಿತು. ಇಗರ್ಜಿಗಳಲ್ಲಿ ಪ್ರಾರ್ಥಿಸುತ್ತಿದ್ದವರೇ ಅವಶೇಷಗಳಡಿ ಸಿಲುಕಿದರು. ಲೈಬ್ನಿಟ್ಸರ ಆಶಾವಾದವನ್ನು ವಾಲ್ಟೇರ್ ‘ಕ್ಯಾಂಡಿಡ್’ನಲ್ಲಿ ಕಟುವಾಗಿ ಗೇಲಿ ಮಾಡಿದರು.

ಮೋಲ್ಟ್‌ಮನ್ ಹುಟ್ಟಿದ್ದು 1926ರಲ್ಲಿ, ಹ್ಯಾಂಬರ್ಗಿನಲ್ಲಿ, ಧರ್ಮದ ಗೊಡವೆ ಅಷ್ಟಾಗಿ ಇಲ್ಲದ ಮನೆಯಲ್ಲಿ. 1943ರ ಜುಲೈನಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಆ ನಗರವನ್ನು ಬೆಂಕಿಯ ಕಡಲಾಗಿಸಿದವು. 30 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ವಿಮಾನನಿರೋಧಕ ದಳದಲ್ಲಿದ್ದ ಹದಿನೇಳರ ಈ ಹುಡುಗನ ಪಕ್ಕದಲ್ಲೇ ನಿಂತಿದ್ದ ಗೆಳೆಯ ಬಾಂಬಿಗೆ ಬಲಿಯಾದ, ಇವರು ಉಳಿದರು. ಮುಂದೆ ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ತಮ್ಮ ದೇಶವೇ ಎಸಗಿದ ನರಮೇಧದ ಚಿತ್ರಗಳನ್ನು ಕಂಡರು. ಅಲ್ಲಿಯೇ ದೊರೆತ ಬೈಬಲಿನಲ್ಲಿ, ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿದ ಯೇಸುವಿನಲ್ಲಿ, ತಮ್ಮ ನೋವನ್ನು ಬಲ್ಲವನೊಬ್ಬನನ್ನು ಗುರುತಿಸಿದರು.

1972ರಲ್ಲಿ ಪ್ರಕಟವಾದ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಅವರ ಕೃತಿ ಹೇಳುವುದಿಷ್ಟು: ದೇವರು ದೂರದಲ್ಲಿ ಕುಳಿತು ನೋಡುವ ಸಾಕ್ಷಿಯಲ್ಲ, ನರಳುವವರ ಜೊತೆ ತಾನೂ ನರಳುವವನು. ಇದನ್ನು ಒಪ್ಪದವರೂ ಇದ್ದರು. ದೇವರೂ ನನ್ನಂತೆಯೇ ಸಂಕಟದಲ್ಲಿ ಸಿಲುಕಿದ್ದರೆ ನನ್ನನ್ನು ಪಾರುಮಾಡುವವರು ಯಾರು ಎಂಬುದು ಕಾರ್ಲ್ ರಾನರ್ ಅವರ ಆಕ್ಷೇಪದ ಸಾರ. ವಾದ ಇಂದಿಗೂ ಮುಗಿದಿಲ್ಲ.

ಶುಶ್ರೂಷೆಯ ಕೆಲಸಕ್ಕೋ ವ್ಯಾಸಂಗಕ್ಕೋ ಜರ್ಮನಿಗೆ ಹೊರಡುವವರು ಇದನ್ನೇಕೆ ತಿಳಿಯಬೇಕು? ನಮ್ಮಲ್ಲಿ ದುಃಖ ಬಂದಾಗ ‘ಎಲ್ಲ ಪೂರ್ವಕರ್ಮ’ ಎನ್ನುವುದು ಸಮಾಧಾನದ ಮಾತು. ಮಗುವನ್ನು ಕಳೆದುಕೊಂಡ ಅಲ್ಲಿನ ತಾಯಿಗೆ ಅದೇ ಮಾತು ಆರೋಪವಾಗಿ ಕೇಳಿಸಬಹುದು. ಬೈಬಲಿನ ಯೋಬನ ಕಥೆಯಲ್ಲಿ, ಅವನ ಸಂಕಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸಿದ ಗೆಳೆಯರನ್ನು ಕೊನೆಗೆ ದೇವರೇ ಗದರುತ್ತಾನೆ. ಆ ಗೆಳೆಯರು ಮಾಡಿದ ಒಳ್ಳೆಯ ಕೆಲಸವೆಂದರೆ ಮೊದಲ ಏಳು ದಿನ ಮಾತಿಲ್ಲದೆ ಅವನ ಬಳಿ ಕುಳಿತದ್ದು.

ಊರಿನಲ್ಲಿ ಹೆತ್ತವರು ಹಾಸಿಗೆ ಹಿಡಿದಾಗ, ಸಾವಿರಾರು ಮೈಲಿ ದೂರದಲ್ಲಿರುವ ಮಕ್ಕಳಿಗೂ ಅಂಥ ಸಾಂಗತ್ಯ ಬೇಕಾಗುತ್ತದೆ. ಜರ್ಮನಿಯ ಅನೇಕ ಆಸ್ಪತ್ರೆಗಳಲ್ಲಿ ಇಗರ್ಜಿಗಳು ನೇಮಿಸಿದ ಆಪ್ತಸಲಹೆಗಾರರಿರುತ್ತಾರೆ. ಇಗರ್ಜಿಗಳೇ ನಡೆಸುವ ‘ಟೆಲಿಫೋನ್‌ಜೇಲ್‌ಜೋರ್ಗೆ’ ಎಂಬ ದೂರವಾಣಿ ಸೇವೆ ಹಗಲಿರುಳೂ ಉಚಿತ. ಕರೆ ಮಾಡುವವರ ಹೆಸರನ್ನಾಗಲಿ ಧರ್ಮವನ್ನಾಗಲಿ ಕೇಳುವುದಿಲ್ಲ. ಊರಿನಲ್ಲಿರುವ ಬಂಧುಗಳೂ ಅಂಥ ಹೊತ್ತಿನಲ್ಲಿ ಕಾರಣ ಹುಡುಕುವ ಬದಲು ಫೋನಿನ ಆ ತುದಿಯಲ್ಲಿ ತುಸು ಹೊತ್ತು ಸುಮ್ಮನೆ ಜೊತೆಗಿದ್ದರೆ ಸಾಕು.