ಒಂದು ನಂಬರು, ನಲವತ್ತೆರಡು ಪುಟ

‘ತಮ್ಮಾ, ವೆಬ್‌ಸೈಟಿನಾಗ ಅವರ ನಂಬರ ತಗದೀನಿ ಅಂದಿದ್ದಿ. ಇನ್ನೂ ಫೋನ್ ಬರಾಕತ್ತಾವ. ಅವರಿಲ್ಲಾ ಅಂತ ಎಷ್ಟ ಮಂದಿಗೆ ಹೇಳ್ಲಿ?’

ಒಂದು ಭಾನುವಾರ ಬೆಳಿಗ್ಗೆ ಕಾಕು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಎಂ.ಟೆಕ್ ಮಾಡಿ ಹತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುವವನು ನಾನು. ಒಂದು ಫೋನ್ ನಂಬರನ್ನು ಸರಿಯಾಗಿ ಬದಲಿಸಲು ಆಗಿರಲಿಲ್ಲ.

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಸಣ್ಣ ಬಳಗವೊಂದನ್ನು ನಡೆಸುತ್ತೇವೆ. ಯುಗಾದಿ, ರಾಜ್ಯೋತ್ಸವ, ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ತರಗತಿ. ಇದರ ಜೊತೆಗೆ ಊರಿನಿಂದ ಆಸ್ಪತ್ರೆಗೋ ಕಾಲೇಜು ಪ್ರವೇಶಕ್ಕೋ ಬರುವವರಿಗೆ ರೂಮು ಹುಡುಕಿಕೊಡುವ, ದಾರಿ ಹೇಳುವ ಕೆಲಸವೂ ಇದೆ. ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ನಮ್ಮ ಕಾರ್ಯದರ್ಶಿ ಕಾಕಾ. ಅವರ ಮೊಬೈಲ್ ನಂಬರೇ ಬಳಗದ ನಂಬರಾಗಿತ್ತು. ಅವರು ತೀರಿಕೊಂಡ ಮೇಲೆ ಆ ಫೋನು ಕಾಕು ಕೈಗೆ ಬಂತು. ಬ್ಯಾಂಕು, ಗ್ಯಾಸು ಎಲ್ಲವೂ ಅದೇ ನಂಬರಿಗೆ ಜೋಡಣೆಯಾಗಿದ್ದರಿಂದ ಅದನ್ನು ಬಂದ್ ಮಾಡುವಂತೆಯೂ ಇರಲಿಲ್ಲ.

‘ಹತ್ತು ನಿಮಿಷದ ಕೆಲಸ ಕಾಕು’ ಎಂದು ಹೇಳಿದವನು ನಾನೇ. ಮುಖಪುಟ ಮತ್ತು ‘ಸಂಪರ್ಕಿಸಿ’ ಪುಟದಲ್ಲಿ ನಂಬರು ಬದಲಿಸಿ ಕೈ ತೊಳೆದುಕೊಂಡಿದ್ದೆ.

ಕಾಪಿ–ಪೇಸ್ಟಿನ ಸಾಲ

ನಮ್ಮ ವೆಬ್‌ಸೈಟನ್ನು ಬಹಳ ಹಿಂದೆ ಉತ್ಸಾಹಿ ಸದಸ್ಯರೊಬ್ಬರು ಕಟ್ಟಿದ್ದರು. ಒಂದೊಂದು ಪುಟವೂ ಒಂದೊಂದು ಎಚ್‌ಟಿಎಂಎಲ್ ಫೈಲು. ಹೊಸ ಕಾರ್ಯಕ್ರಮವಾದರೆ ಹಳೆಯ ಪುಟವನ್ನು ಕಾಪಿ ಮಾಡಿ ನಡುವಿನ ಬರಹ ಬದಲಿಸುವುದು ರೂಢಿ. ಮೇಲಿನ ಹೆಸರು, ಮೆನು, ಕೆಳಗಿನ ವಿಳಾಸ, ಫೋನ್ ನಂಬರು ಹಾಗೇ ಉಳಿಯುತ್ತಿದ್ದವು. ಹೀಗೆ ಬೆಳೆದು 42 ಪುಟಗಳಾಗಿದ್ದವು. ಕಾಪಿ ಮಾಡಿದ ದಿನ ಸಮಯ ಉಳಿಯುತ್ತದೆ, ಬದಲಿಸಬೇಕಾದ ದಿನ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಗೂಗಲ್‌ನಲ್ಲಿ ಹುಡುಕಿದವರು ಮುಖಪುಟಕ್ಕೇ ಬರುತ್ತಾರೆಂಬ ಖಾತರಿಯೂ ಇಲ್ಲ. ಯಾವುದೋ ಹಳೆಯ ಕಾರ್ಯಕ್ರಮದ ಪುಟಕ್ಕೆ ಬಂದು, ಕೆಳಗಿದ್ದ ನಂಬರಿಗೆ ಫೋನ್ ಮಾಡುತ್ತಿದ್ದರು.

ಆ ಭಾನುವಾರ ಇಡೀ ಫೋಲ್ಡರಿನ ಪ್ರತಿ ತೆಗೆದಿಟ್ಟುಕೊಂಡು, ಎಲ್ಲ ಫೈಲುಗಳಲ್ಲಿ ಹಳೆಯ ನಂಬರು ಹುಡುಕಿ ಹೊಸದನ್ನು ಹಾಕುವ ಆದೇಶ ಕೊಟ್ಟೆ. 29 ಪುಟಗಳು ಒಂದೇ ಏಟಿಗೆ ಬದಲಾದವು. ಮೊದಲೇ ಬದಲಿಸಿದ್ದು ಎರಡು. ಉಳಿದ 11?

ಕಣ್ಣಿಟ್ಟು ನೋಡಿದೆ. ಐದು ಪುಟಗಳಲ್ಲಿ ನಂಬರಿನ ನಡುವೆ ಜಾಗವೋ ಅಡ್ಡಗೆರೆಯೋ ಇತ್ತು. ಮೂರರಲ್ಲಿ ನಂಬರು ಕನ್ನಡ ಅಂಕಿಗಳಲ್ಲಿತ್ತು. ಕಂಪ್ಯೂಟರಿಗೆ 9 ಬೇರೆ, ೯ ಬೇರೆ. ಇನ್ನು ಮೂರರಲ್ಲಿ ಅದು ಪೋಸ್ಟರಿನ ಚಿತ್ರದೊಳಗೆ ಅಚ್ಚಾಗಿತ್ತು. ಅಕ್ಷರ ಹುಡುಕುವ ಆದೇಶಕ್ಕೆ ಚಿತ್ರ ಕಾಣುವುದಿಲ್ಲ.

‘ಫೋನ್’ ಎಂಬ ಪದವನ್ನೇ ಹುಡುಕಿದರಾಯಿತು ಎಂದುಕೊಂಡೆ. ಅಲ್ಲೂ ಕನ್ನಡದ್ದೇ ಒಂದು ತಿರುವು. ಯೂನಿಕೋಡಿನಲ್ಲಿ ‘ಫೋ’ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಬಿಡಿಯಾದ ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಒಳಗೆ ಬೇರೆ ಬೇರೆಯಾದ್ದರಿಂದ ನೇರವಾಗಿ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಕನ್ನಡ ಪುಟಗಳಲ್ಲಿ ಹುಡುಕುವ ಮೊದಲು ಅಕ್ಷರಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ.

ಬದಲಿಸಬಾರದ್ದು

ನಂಬರು ಮುಗಿಯಿತು, ಕಾರ್ಯದರ್ಶಿಯ ಹೆಸರನ್ನೂ ಹೀಗೇ ಬದಲಿಸೋಣ ಎಂದು ಆದೇಶ ಬರೆದೆ. ಎಂಟರ್ ಒತ್ತುವ ಮೊದಲು ಪಟ್ಟಿಯ ಮೇಲೆ ಕಣ್ಣಾಡಿಸಿದ್ದು ಪುಣ್ಯ. ಅದರಲ್ಲಿ ‘ನಾವು ನಡೆದು ಬಂದ ದಾರಿ’ ಎಂಬ ಪುಟವೂ ಇತ್ತು. ಬಳಗದ ಮೊದಲ ರಾಜ್ಯೋತ್ಸವಕ್ಕೆ ಕಾಕಾ ತಮ್ಮ ಸ್ಕೂಟರಿನಲ್ಲಿ ಕುರ್ಚಿ ಹೊತ್ತು ತಂದ ಕಥೆ ಅಲ್ಲಿದೆ. ಆ ಒಂದು ಗುಂಡಿ ಒತ್ತಿದ್ದರೆ ಕುರ್ಚಿ ತಂದವರು ಈಗಿನ ಕಾರ್ಯದರ್ಶಿ ಆಗಿಬಿಡುತ್ತಿದ್ದರು. ಕಾಕುವಿಗೆ ಆ ಪುಟ ತೋರಿಸುವ ಮುಖ ನನಗಿರುತ್ತಿರಲಿಲ್ಲ.

ಒಂದೇ ಅಕ್ಷರಗಳು ಎರಡು ಕಡೆ ಇದ್ದ ಮಾತ್ರಕ್ಕೆ ಅವು ಒಂದೇ ಸಂಗತಿಯಲ್ಲ. ‘ಈಗ ಯಾರಿಗೆ ಫೋನ್ ಮಾಡಬೇಕು’ ಎಂಬುದು ಬದಲಾಗುವ ಮಾಹಿತಿ. ‘ಅಂದು ಯಾರಿದ್ದರು’ ಎಂಬುದು ಚರಿತ್ರೆ. ಆಂಡ್ರೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರ ‘ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ‘ಡ್ರೈ’ ಎಂಬ ಸೂತ್ರ ಕೊಟ್ಟರು. ‘ಮತ್ತೆ ಮತ್ತೆ ಬರೆಯಬೇಡ’ ಎಂದು ಅದರ ಅರ್ಥ. ಅವರು ಹೇಳಿದ್ದು ಅಕ್ಷರಗಳ ಬಗ್ಗೆಯಲ್ಲ, ತಿಳಿವಳಿಕೆಯ ಬಗ್ಗೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಆ ವ್ಯತ್ಯಾಸ ನನಗೆ ಅರ್ಥವಾದದ್ದು ಆ ದಿನ.

ಒಂದೇ ಕಡೆ ಇರಲಿ

ಹುಡುಕಿ ಬದಲಿಸುವುದು ಇವತ್ತಿನ ಪರಿಹಾರ ಮಾತ್ರ. ಮುಂದಿನ ಕಾರ್ಯದರ್ಶಿ ಬಂದಾಗ ಮತ್ತೆ ಇದೇ ಕಥೆ. ಶಾಶ್ವತ ದಾರಿಯೆಂದರೆ ಎಲ್ಲ ಪುಟಗಳಿಗೂ ಸೇರಿದ ಭಾಗವನ್ನು ಒಂದೇ ಫೈಲಿನಲ್ಲಿಟ್ಟು, ಉಳಿದ ಪುಟಗಳು ಅದನ್ನು ಕರೆಸಿಕೊಳ್ಳುವಂತೆ ಮಾಡುವುದು. ಪಿಎಚ್‌ಪಿಯಲ್ಲಿ ‘ಇನ್‌ಕ್ಲೂಡ್’ ಎಂಬ ಒಂದು ಸಾಲು ಸಾಕು, ಓದುಗ ಪುಟ ಕೇಳಿದಾಗ ಸರ್ವರೇ ಜೋಡಿಸಿಕೊಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಈ ಕೆಲಸವನ್ನು ಥೀಮ್ ಮಾಡುತ್ತದೆ.

ಪಿಎಚ್‌ಪಿಗೆ ಹೋದರೆ ಸಾಮಾನ್ಯವಾಗಿ ಫೈಲಿನ ಹೆಸರಿನ ಬಾಲ ಬದಲಾಗುತ್ತದೆ. ಆಗ ಜನ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿಗಳು ಮುರಿಯಬಾರದೆಂದರೆ ಸರ್ವರಿನಲ್ಲಿ ಬೇರೆ ವ್ಯವಸ್ಥೆ ಮಾಡಬೇಕು. ಹಾಗಾಗಿ ನಾನು ಜೆಕಿಲ್ ಆರಿಸಿಕೊಂಡೆ. 2008ರಿಂದ ಇರುವ ಉಚಿತ ಸಾಧನ ಅದು. ಮೇಲ್ಭಾಗ, ಅಡಿಭಾಗ, ನಂಬರು ಒಂದೊಂದೇ ಕಡೆ ಇರುತ್ತವೆ. ಆದೇಶ ಕೊಟ್ಟರೆ 42 ಪುಟಗಳನ್ನೂ ಹಳೆಯ ಹೆಸರಿನಲ್ಲೇ ಹೊಸದಾಗಿ ಕಟ್ಟಿಕೊಡುತ್ತದೆ. ಎಲ್ಲವನ್ನೂ ಅದಕ್ಕೆ ಒಗ್ಗಿಸಲು ಮೂರು ವಾರಾಂತ್ಯ ಹಿಡಿಯಿತು. ಈಗ ನಂಬರು ಬದಲಿಸುವುದು ನಿಜಕ್ಕೂ ಹತ್ತು ನಿಮಿಷದ ಕೆಲಸ.

ಊರೂರು ಬದಲಿಸುವ ನಮಗೆ ಈ ಕಷ್ಟ ಹೊಸದೇನಲ್ಲ. ಒಂದು ವಿಳಾಸ ಬದಲಾದರೆ ಆಧಾರ್, ಬ್ಯಾಂಕು, ವಿಮೆ, ಮಕ್ಕಳ ಶಾಲೆ ಎಲ್ಲ ಕಡೆ ಬೇರೆ ಬೇರೆಯಾಗಿ ತಿಳಿಸಬೇಕು. ಒಂದನ್ನು ಮರೆತರೆ ಚೆಕ್‌ಬುಕ್ಕು ಹಳೆಯ ಮನೆಯ ಬಾಗಿಲು ತಟ್ಟುತ್ತದೆ. ನಿಮ್ಮೂರಿನ ಕನ್ನಡ ಸಂಘಕ್ಕೂ ವೆಬ್‌ಸೈಟ್ ಇದ್ದರೆ, ಅದರ ಒಳಪುಟವೊಂದನ್ನು ತೆರೆದು ಕೆಳಗಿನ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ. ಯಾರು ಎತ್ತುತ್ತಾರೆ?

ಕೆಲಸ ಮುಗಿಸಿ ಕಾಕು ಮನೆಗೆ ಹೋಗಿದ್ದೆ. ‘ತಪ್ಪಾತ್ರಿ ಕಾಕು, ಈಗ ಎಲ್ಲಾ ಸರಿ ಮಾಡೀನಿ. ಆದರ ಹಳೇ ಪೋಸ್ಟರ್ ಇನ್ನೂ ಮಂದಿ ಫೋನಿನಾಗ ಇರ್ತಾವ, ಅವನ್ನ ತಗಿಯಾಕ ನನ್ನ ಕಡೆ ಆಗೂದಿಲ್ಲ’ ಎಂದೆ.

ಕಾಕು ಎದ್ದು ಹೋಗಿ ಪೆನ್ನು ತಂದರು. ‘ಹೊಸಾ ನಂಬರ ಹೇಳು’ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದುಕೊಂಡರು. ‘ಎಲ್ಲೋ ಒಂದ ಫೋನ್ ಬಂದರ ಬರಲಿ. ದವಾಖಾನಿಗೆ ಬಂದವರಿರ್ತಾರ, ಸುಮ್ಮನ ಇಡಾಕ ಆಗೂದಿಲ್ಲ. ಇದನ್ನ ಕೊಡ್ತೀನಿ.’